ನನ್ನ ತಮ್ಮನ ಮದುವೆಗೆ ಅಡ್ಡ ಬಂದ ಕಾದಂಬರಿ

ನನ್ನ ತಮ್ಮ ಎಲ್ಡನ್‌ಗೆ ಟ್ರ್ಯಾಕ್ಟರ್ ರಿಪೇರಿ ಬಿಟ್ಟರೆ ಗೊತ್ತಿದ್ದ ಸುಖ ಒಂದೇ: ಕುದುರೆ, ಬಂದೂಕು, ಧೂಳು ತುಂಬಿದ ಕೌಬಾಯ್ ಕಾದಂಬರಿಗಳು. ನೆಬ್ರಾಸ್ಕಾದ ನಮ್ಮ ಪುಟ್ಟ ಊರಿನ ಲೈಬ್ರರಿಯಲ್ಲಿ ಪುಸ್ತಕ ಕೊಡುವವಳು ನಾನೇ. ಅಲ್ಲಿದ್ದ ಅಂಥವನ್ನೆಲ್ಲ ಅವನು ಎರಡೆರಡು ಸಲ ಓದಿದ್ದ. ನಲವತ್ತನಾಲ್ಕರ ತನಕ ಹೆಣ್ಣಿನ ಸುದ್ದಿಗೆ ಹೋದವನಲ್ಲ. ಕೊನೆಗೂ ಹೋದಾಗ, ಹೋಗಿ ಬಿದ್ದದ್ದು ಮರಿಯೆಟ್ಟಾಳ ಬಲೆಗೆ.

ಮರಿಯೆಟ್ಟಾ ಹೈಸ್ಕೂಲಿನ ಟೀಚರು, ಊರಿನ ಓದುಗರ ಕೂಟದ ಯಜಮಾನಿ. ಆಕೆಗೆ ದಪ್ಪ ಪುಸ್ತಕಗಳೇ ಆಗಬೇಕು. ಅವುಗಳಲ್ಲಿ ಯಾರಿಗೂ ಸುಖ ಸಿಗಬಾರದು. ಅಂಥ ಪುಸ್ತಕದ ಹೆಸರೆತ್ತಿದರೆ ಸಾಕು, ಕಣ್ಣು ಅರ್ಧ ಮುಚ್ಚಿ ನಿಟ್ಟುಸಿರು ಬಿಡುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು. ತಮ್ಮ ಮಾತ್ರ ಕರಗಿ ನೀರಾಗುತ್ತಿದ್ದ.

ಅವನು ಮದುವೆ ಮಾತೆತ್ತಿದ ದಿನ ಆಕೆ ಅಜ್ಜನ ಕಾಲದ ಕಾದಂಬರಿಯೊಂದನ್ನು ಅವನ ಕೈಗಿಟ್ಟಳು.

"ಇದನ್ನ ನಾಲ್ಕು ಸಲ ಓದಿದೀನಿ, ನಾಲ್ಕು ಸಲಾನೂ ಅತ್ತಿದೀನಿ. ಮೊದಲು ನೀನು ಓದಿ ಮುಗಿಸು. ಆಮೇಲೆ ಮದುವೆ ಮಾತು."

ಮೂರನೇ ದಿನ ಎಲ್ಡನ್ ನನ್ನ ಅಡುಗೆಮನೆಗೆ ಬಂದ. "ಅಕ್ಕಾ, ಈ ಪುಸ್ತಕ ಕೆಟ್ಟಿದೆ ಕಣೇ. ಅರವತ್ತೆರಡನೇ ಪುಟದಿಂದಾಚೆ ಹಾಳೆ ಬಿಚ್ಚೋಕೇ ಬರಲ್ಲ."

ನೋಡಿದೆ. ಹಳೇ ಕಾಲದ ಅಚ್ಚು. ಆಗ ಹಾಳೆಗಳು ಅಂಚಿನ ಮಡಿಕೆಯಲ್ಲಿ ಕೂಡಿಕೊಂಡೇ ಬರುತ್ತಿದ್ದವು, ಓದುವವರೇ ಚಾಕುವಿನಿಂದ ಸೀಳಿಕೊಳ್ಳಬೇಕಿತ್ತು. ಅರವತ್ತೆರಡರ ಆಚೆಗಿನ ನಾನೂರು ಪುಟಕ್ಕೆ ಯಾರ ಚಾಕುವೂ ತಾಗಿರಲಿಲ್ಲ.

ನಾನು ಬಿದ್ದು ಬಿದ್ದು ನಕ್ಕೆ. "ನಾಲ್ಕು ಸಲ ಅತ್ತಳಂತೆ! ಕೂಟದಲ್ಲಿ ಎಲ್ಲರ ಮುಂದೆ ತೋರಿಸೋ, ಅವಳ ಬಣ್ಣ ಬಯಲಾಗಲಿ."

"ಸುಮ್ನಿರೇ," ಅಂದ. ನನ್ನ ತರಕಾರಿ ಚಾಕು ತೆಗೆದುಕೊಂಡು, ಎಂಜಿನ್ ಬಿಚ್ಚುವ ಎಚ್ಚರದಿಂದ ಒಂದೊಂದೇ ಹಾಳೆ ಸೀಳಿದ. ಆಮೇಲೆ, ದೇವರಾಣೆ, ಕೂತು ಪೂರ್ತಿ ಓದಿದ.

ಕೂಟದ ದಿನ ಮರಿಯೆಟ್ಟಾ ಕಾಫಿ ಬಗ್ಗಿಸುತ್ತ, "ಕೊನೆ ಹೇಗನ್ನಿಸ್ತು?" ಎಂದಳು.

"ಪಾಪ, ಆ ಮುದುಕ ಗಿರಣಿ ಮಾರಿ ಮಗಳ ಹತ್ರ ಹೋಗ್ಬಿಡ್ತಾನೆ."

"ಅಯ್ಯೋ ದಡ್ಡಾ, ಮುದುಕ ಸಾಯ್ತಾನೆ!"

ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ನಾನು ಬಾಯಿ ತೆರೆದೆ. ತಮ್ಮ ನನ್ನ ಕಾಲು ತುಳಿದ.

ಎಲ್ಲರೂ ಹೋದ ಮೇಲೆ ಪುಸ್ತಕವನ್ನು ಅವಳಿಗೆ ಹಿಂದಿರುಗಿಸಿದ. ಕಪ್ ತೊಳೆಯುವ ನೆಪದಲ್ಲಿ ನಾನು ಅಲ್ಲೇ ಇದ್ದೆ. ಹೊಸದಾಗಿ ಸೀಳಿದ ಅಂಚುಗಳನ್ನು ಕಂಡದ್ದೇ ಅವಳ ಮುಖ ಕೆಂಪೇರಿತು.

"ಎಲ್ಡನ್, ಇದನ್ನ ಯಾರಿಗೂ..."

"ಹೇಳಲ್ಲ. ಕಥೆ ಚೆನ್ನಾಗಿದೆ. ಸೀಳಿ ಕೊಟ್ಟಿದೀನಿ, ನೀನೂ ಓದು. ಮುಗಿಸಿದ್ಮೇಲೆ ಮದುವೆ ಮಾತು."

ಮಾತು ಕೊಟ್ಟವನು ಅವನು, ನಾನಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಇದಾಗಿ ಹನ್ನೊಂದು ವರ್ಷ. ಈಗಲೂ ಪ್ರತಿ ಭಾನುವಾರ ಇಬ್ಬರೂ ಒಟ್ಟಿಗೆ ಊಟ ಮಾಡುತ್ತಾರೆ, ಆಮೇಲೆ ಅವನು ತನ್ನ ಮನೆಗೆ, ಅವಳು ತನ್ನ ಮನೆಗೆ. ಮೊನ್ನೆ ವಿಚಾರಿಸಿದೆ. ಎಂಬತ್ತನೇ ಪುಟಕ್ಕೆ ಬಂದಿದ್ದಾಳಂತೆ.