ವಾರಗಿತ್ತಿಯ ನಯ, ನನ್ನ ಸೋರುವ ಜಾರು

ನನ್ನ ವಾರಗಿತ್ತಿಯ ಒಡವೆ, ಸೀರೆ ನೋಡಿ ನಾನೆಂದೂ ಹೊಟ್ಟೆ ಉರಿದುಕೊಂಡವಳಲ್ಲ. ಉರಿಯುತ್ತಿದ್ದದ್ದು ಅವಳು ಅಂಗಡಿಯವರ ಹತ್ತಿರ ಮಾತಾಡುವಾಗ.

ಚಾಮರಾಜಪೇಟೆಯ ಮನೆಯಲ್ಲಿ ಕೆಳಗೆ ಅತ್ತೆ ಮತ್ತು ನಾವು, ಮಹಡಿಯ ಮೇಲೆ ಮೈದುನನ ಸಂಸಾರ. ಮೈದುನನ ಹೆಂಡತಿ ಮಾವಳ್ಳಿಯ ತರಕಾರಿ ವ್ಯಾಪಾರಿಗಳ ಮನೆಯ ಮಗಳು. ನಾವಿಬ್ಬರೂ ಗಾಂಧಿ ಬಜಾರಿಗೆ ಹೋದರೆ ನನಗೆ ಸಿಗುವುದು ಮೇಲೆ ಹರಡಿದ ಬಾಡಿದ ಅವರೆಕಾಯಿ. ಅವಳು, "ಅಣ್ಣಾ, ತಪ್ಪು ತಿಳ್ಕೋಬೇಡಿ, ಇದು ನಿನ್ನೇದು ಅನ್ಸುತ್ತೆ" ಎಂದು ಮೆತ್ತಗೆ ಹೇಳುತ್ತಿದ್ದಳು. ಅವರೆಕಾಯಿಯವನು ನಕ್ಕು, ಹಿಂದಿದ್ದ ಹೊಸ ಮೂಟೆಯ ಬಾಯಿ ಬಿಚ್ಚುತ್ತಿದ್ದ. ಬಟ್ಟೆ ಅಂಗಡಿಯಲ್ಲಿ ಅವಳಿಗೆ ಕುರ್ಚಿ. ಅವಳ ಚೀಲ ಹಿಡಿದು ನಿಲ್ಲುವುದು ನನ್ನ ಪಾಲು. ಒಬ್ಬಳೇ ಹೋದಾಗ ನಾನು ಅಂಗಡಿಯವರು ಅಂದದ್ದಕ್ಕೆಲ್ಲ ತಲೆಯಾಡಿಸಿ ಬಂದು, ಮನೆಯಲ್ಲಿ ಗಂಡನ ಮುಂದೆ ಕೂಗಾಡುತ್ತಿದ್ದೆ.

ಹೋದ ವರ್ಷ ಬಸವನಗುಡಿಯ ಅಂಗಡಿಯೊಂದರಲ್ಲಿ ಹೊಸ ಮಿಕ್ಸಿ ಕೊಂಡೆ. ಒಂದು ವಾರವೂ ಆಗಿರಲಿಲ್ಲ, ಬೆಳಿಗ್ಗೆ ಚಟ್ನಿ ರುಬ್ಬುವಾಗ ಜಾರಿನ ತಳದಿಂದ ಹಸಿರು ನೀರು ಸೋರಿ ಕಟ್ಟೆಯೆಲ್ಲ ಹರಿಯಿತು. ವಾರಗಿತ್ತಿ ಹಾಲಿನ ಪಾತ್ರೆ ಹಿಡಿದು ಕೆಳಗೆ ಬಂದವಳು ನೋಡಿ, "ಅಕ್ಕಾ, ಅಂಗಡಿಗೆ ನಾನೂ ಬರ್ಲಾ?" ಎಂದಳು.

"ಯಾಕೆ, ನನಗೇನು ಬಾಯಿಲ್ವಾ?" ಎಂದೆ. ಅಷ್ಟು ಬಿರುಸಾಗಿ ಹೇಳುವ ಅಗತ್ಯ ಇರಲಿಲ್ಲ. ಅವಳು ಹಾಲು ಇಟ್ಟು ಮೇಲೆ ಹೋದಳು.

ಜಾರು, ಬಿಲ್ಲು ಎರಡನ್ನೂ ಚೀಲಕ್ಕೆ ಹಾಕಿಕೊಂಡು ಆಟೋ ಹತ್ತಿದೆ. ದಾರಿಯುದ್ದಕ್ಕೂ ಅವಳ ದನಿಯನ್ನೇ ಅಭ್ಯಾಸ ಮಾಡಿದೆ. ಅಂಗಡಿಯಲ್ಲಿ ಮಾಲೀಕರು ಫೋನು ನೋಡುತ್ತ ಕೂತಿದ್ದರು. ನಾನು ಕತ್ತು ಸ್ವಲ್ಪ ಓರೆ ಮಾಡಿ, ಥೇಟ್ ಅವಳ ಹಾಗೆಯೇ, "ಅಣ್ಣಾ, ತಪ್ಪು ತಿಳ್ಕೋಬೇಡಿ, ಈ ಜಾರು ಸೋರ್ತಿದೆ" ಎಂದೆ.

ಅವರು ತಲೆ ಎತ್ತಲಿಲ್ಲ. "ಕಂಪನಿ ಸರ್ವಿಸ್ ಸೆಂಟರ್‌ಗೆ ಹೋಗಿ ಮೇಡಂ. ನಾವು ಮಾರೋದಷ್ಟೆ."

ಅದೇ ಮಾತು, ಅದೇ ದನಿ. ಅವಳು ಬಂದಿದ್ದರೆ ಇಷ್ಟು ಹೊತ್ತಿಗೆ ಈ ಮನುಷ್ಯ ಎದ್ದು ನಿಂತು ಕಾಫಿ ತರಿಸಲೇ ಎಂದು ಕೇಳುತ್ತಿದ್ದ. ಬರಿಗೈಲಿ ಮನೆಗೆ ಹೋದರೆ ಅವಳು ಒಂದು ಮಾತೂ ಆಡದೆ ಚಪ್ಪಲಿ ಮೆಟ್ಟಿಕೊಂಡು ನನ್ನ ಜೊತೆ ಹೊರಡುತ್ತಾಳೆ. ಅದನ್ನು ನೆನೆದರೆ ಇನ್ನೂ ಸಂಕಟವಾಯಿತು. ನಾನು ಹೊರಗೆ ಹೋಗಲಿಲ್ಲ. ಅಲ್ಲಿದ್ದ ಸ್ಟೂಲನ್ನು ಎಳೆದು ಕೂತುಕೊಂಡೆ.

"ಸ್ವಲ್ಪ ನೀರು ಕೊಡ್ತೀರಾ?" ಎಂದು ಕೇಳಿದೆ. ಈ ಸಲ ಬಂದದ್ದು ನನ್ನದೇ ದಪ್ಪ ದನಿ.

ಬಾಯಾರಿಕೆ ಎಂದುಕೊಂಡು ಅವರು ಬಾಟಲಿ ಮುಂದಿಟ್ಟರು. ನಾನು ಜಾರು ತೆಗೆದು ಗಾಜಿನ ಕೌಂಟರಿನ ಮೇಲಿಟ್ಟು ಅರ್ಧದಷ್ಟು ನೀರು ಸುರಿದೆ. ಮೊದಲು ತಳದ ಸುತ್ತ ಒಂದು ಒದ್ದೆ ಬಳೆ ಮೂಡಿತು. ಆಮೇಲೆ ನೀರು ಮೆಲ್ಲನೆ ಅವರ ಫೋನಿನ ಕಡೆ ಹರಿಯಿತು. ಅವರು ಫೋನು ಎತ್ತಿಕೊಂಡು ಬಟ್ಟೆ ಹುಡುಕಿದರು.

"ಈಗ್ಲೇ ಒರೆಸ್ಬೇಡಿ, ಇನ್ನೂ ಬರುತ್ತೆ" ಎಂದೆ. ಅಣಕಿಸಿ ಹೇಳಿದ್ದಲ್ಲ, ನಿಜವಾಗಿಯೂ ಇನ್ನೂ ಬರುವುದಿತ್ತು.

ಪಕ್ಕದಲ್ಲಿ ಮಿಕ್ಸಿ ಆರಿಸುತ್ತಿದ್ದ ಗಂಡ ಹೆಂಡತಿ ಇತ್ತ ತಿರುಗಿದರು. ಹೆಂಡತಿ, "ಯಾವ್ ಕಂಪನೀದು?" ಎಂದು ಕೇಳಿದಳು. ನಾನು ಉತ್ತರ ಕೊಡುವ ಮೊದಲೇ ಮಾಲೀಕರು ಎದ್ದರು. "ಮೇಡಂ, ಅದನ್ನ ಒಳಗಿಡಿ, ಮಾತಾಡೋಣ."

"ನಾನು ಜಗಳಕ್ಕೆ ಬಂದಿಲ್ಲ" ಎಂದೆ. ಚೀಲದಿಂದ ಬಿಲ್ಲು ತೆಗೆದು ತೋರಿಸಿದೆ. "ಮಿಕ್ಸಿ ಕೊಟ್ಟೋರು ನೀವು, ಬಿಲ್ ಹಾಕ್ದೋರು ನೀವು. ಸರ್ವಿಸ್‌ಗೆ ಕಳಿಸ್ಬೇಕಿದ್ರೆ ನೀವೇ ಕಳಿಸಿ. ನನಗೆ ಇನ್ನೊಂದು ಜಾರು ಕೊಡಿ. ನಾಳೆ ಬೆಳಿಗ್ಗೆ ಮನೇಲಿ ತಿಂಡಿ ಆಗ್ಬೇಕಲ್ಲ."

ಅವರು ನನ್ನನ್ನೂ ಆ ದಂಪತಿಯನ್ನೂ ನೋಡಿದರು. ಒಳಗಿನಿಂದ ಹೊಸ ಜಾರು ಬಂತು. ಅದಕ್ಕೂ ನೀರು ತುಂಬಿಸಿ ನೋಡಿದೆ. ಮಾಲೀಕರೂ ನನ್ನ ಜೊತೆ ಬಗ್ಗಿ ಅದರ ತಳ ನೋಡಿದರು. ಒಂದು ಹನಿಯೂ ಬೀಳಲಿಲ್ಲ. "ತುಂಬಾ ಥ್ಯಾಂಕ್ಸ್" ಎಂದು ಹೇಳಿ, ಕೌಂಟರನ್ನು ನಾನೇ ಒರೆಸಿಕೊಟ್ಟು ಹೊರಟೆ.

ಆಟೋದಲ್ಲಿ ಎದೆ ಉಬ್ಬಿತ್ತು. ಮನೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಗೆ ಶುರು ಮಾಡಬೇಕೆಂದು ಯೋಚಿಸುತ್ತ ಬಂದೆ. ಬಾಗಿಲಲ್ಲಿ ಅತ್ತೆ ಸೊಪ್ಪು ಬಿಡಿಸುತ್ತಿದ್ದರು, ವಾರಗಿತ್ತಿ ಪಕ್ಕದಲ್ಲಿ ಕೂತು ಕೈಜೋಡಿಸಿದ್ದಳು. ಹೊಸ ಜಾರು ನೋಡಿದ ಅತ್ತೆ ಅವಳ ಕಡೆ ತಿರುಗಿ, "ನೀನೇನಾದ್ರೂ ಅಂಗಡಿಗೆ ಫೋನ್ ಮಾಡಿ ಹೇಳಿದ್ಯೇನೇ?" ಎಂದರು.

ನಾನು ಕೈಲಿದ್ದ ಜಾರನ್ನು ಚೀಲಕ್ಕೆ ಹಾಕತೊಡಗಿದೆ.

"ಇಲ್ಲ ಅತ್ತೆ, ನಂಗೆ ಆ ಅಂಗಡಿ ಎಲ್ಲಿದೆ ಅಂತಾನೂ ಗೊತ್ತಿಲ್ಲ" ಎಂದಳು ಅವಳು, ಸೊಪ್ಪಿನಿಂದ ಕೈ ತೆಗೆಯದೆ. "ಅಕ್ಕ ಒಬ್ರೇ ಹೋಗಿ ತಂದಿದ್ದು."

ಅತ್ತೆ ನನ್ನನ್ನು ಕೆಳಗಿನಿಂದ ಮೇಲೆ ನೋಡಿ, "ಪರ್ವಾಗಿಲ್ವೆ" ಎಂದರು.

ನಾನು ಕಾದಿದ್ದ ಹೊಗಳಿಕೆ ಬಂದಿತ್ತು. ಆದರೆ ಅದನ್ನೂ ಅವಳೇ ಕೊಡಿಸಿದ್ದಳು, ಅದೂ ಎಷ್ಟು ನಯವಾಗಿ. ಅಡುಗೆಮನೆಗೆ ಹೋಗಿ ಜಾರು ತೊಳೆಯುತ್ತ ನಿಂತೆ. ಹೊಟ್ಟೆಯುರಿ ಹೋಗಿರಲಿಲ್ಲ. ಮರುದಿನ ಬೆಳಿಗ್ಗೆ ಅದರಲ್ಲಿ ರುಬ್ಬಿದ ಮೊದಲ ಚಟ್ನಿಯನ್ನು ಬಟ್ಟಲಿಗೆ ಹಾಕಿ ಮೇಲೆ ಕೊಟ್ಟುಬಂದೆ. ಅವಳು ಬೆರಳಲ್ಲಿ ನೆಕ್ಕಿ, ಉಪ್ಪು ಒಂಚೂರು ಕಮ್ಮಿ ಎಂದಳು. ಅದನ್ನೂ ಎಷ್ಟು ಮೆತ್ತಗೆ ಹೇಳಿದಳೆಂದರೆ, ನಾನು ಹೂಂ ಎಂದು ಕೆಳಗಿಳಿದು ಬಂದೆ.