ಅದ್ರಾಮನ ದೋಣಿಗೆ ಉದ್ದದ ಕೋಲು

ಅದ್ರಾಮ ಒಳ್ಳೆಯವನು ಎಂದು ಇಡೀ ಊರು ಹೇಳುತ್ತದೆ. ನಾನೂ ಹೇಳುತ್ತೇನೆ. ಅವನ ಒಳ್ಳೆಯತನ ನನ್ನೊಬ್ಬನ ಪಾಲಿಗೇ ಇರಬೇಕಿತ್ತು ಎಂದು ಹೊಟ್ಟೆ ಉರಿಸಿಕೊಂಡವನು ಮಾತ್ರ ಊರಲ್ಲಿ ನಾನೊಬ್ಬನೇ ಇರಬೇಕು. ಈಗ ಬರೆಯಲು ನಾಚಿಕೆ ಇಲ್ಲ. ಆಗ ಒಪ್ಪಿಕೊಳ್ಳಲು ತುಂಬಾ ಇತ್ತು.

ಕಡಬದ ಹತ್ತಿರ ನಮ್ಮೂರಿನಲ್ಲಿ ಕುಮಾರಧಾರೆಗೆ ಸೇತುವೆ ಇಲ್ಲದ ಕಾಲ ಅದು. ಹೊಳೆ ದಾಟಬೇಕಾದರೆ ಕಡವಿಗೆ ಬಂದು ಒಂದು ಕೂಗು ಹಾಕಬೇಕು, ಅದ್ರಾಮ ದೋಣಿ ತರಬೇಕು. ಬ್ಯಾರಿಗಳ ಪೈಕಿಯವನು, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು, ಕಡ್ಡಿಯ ಹಾಗೆ ಸಪೂರ. ಹೆರಿಗೆಗೆ ತವರಿಗೆ ಹೊರಟ ಹೆಂಗಸು ದೋಣಿ ಹತ್ತಿದರೆ ದೋಣಿ ನೂಕುವ ಜಲ್ಲೆ ಒಂದು ಕಲ್ಲಿಗೂ ತಾಗದ ಹಾಗೆ ದಾಟಿಸುತ್ತಿದ್ದ. ಸಂತೆಗೆ ಹೋಗುವ ಕೋಳಿಗಳಿಗೂ ನೀರು ಹಾರದಂತೆ ಗೋಣಿ ಹೊದೆಸುತ್ತಿದ್ದ. ಆಚೆ ದಡದಿಂದ ಯಾರು ಕೂಗಿದರೂ ಅನ್ನದ ಬಟ್ಟಲು ಬಿಟ್ಟು ಏಳುವವನು. ಅವನ ಹೆಂಡತಿ ನೆಬೀಸ ಆ ಬಟ್ಟಲನ್ನು ಮುಚ್ಚಿಡುವಾಗ ಗೊಣಗುತ್ತಿದ್ದಳು. ಅವನು ಅದನ್ನು ಕೇಳಿಸಿಕೊಂಡವನೇ ಅಲ್ಲ.

ಶುಕ್ರವಾರ ಮಾತ್ರ ಅವನಿಗೆ ಬಿಡುವು. ಕಡಬಕ್ಕೆ ಹೋಗಿ ಮಧ್ಯಾಹ್ನದ ನಮಾಜು ಮುಗಿಸಿ ಬಂದ ಮೇಲೆ ದೊಡ್ಡ ದೋಣಿಯನ್ನು ತಮ್ಮ ಅಲಿ ಕುಂಞಿಗೆ ಒಪ್ಪಿಸಿ, ಚಿಕ್ಕ ದೋಣಿ ಬಿಚ್ಚಿ ಮೀನಿಗೆ ಹೋಗುತ್ತಿದ್ದ. ಆ ದೋಣಿಗೆ ಇಬ್ಬರೇ ಹಿಡಿಸುವುದು. ಹಿಂದೆ ಅದ್ರಾಮ ಹುಟ್ಟು ಹಾಕುತ್ತಾನೆ, ಮುಂದಿನ ಹಲಗೆಯಲ್ಲಿ ಗಾಳದ ಕೋಲು ಹಿಡಿದು ಒಬ್ಬ ಕೂರುತ್ತಾನೆ. ಒಂಬತ್ತು ವರ್ಷ ಆ ಒಬ್ಬ ನಾನಾಗಿದ್ದೆ. ಪುತ್ತೂರಿನಲ್ಲಿ ನೆಂಟರ ಮದುವೆ ಶುಕ್ರವಾರ ಬಿದ್ದರೆ ಹೆಂಡತಿ ಕಮಲಾವತಿಯನ್ನು ಒಬ್ಬಳೇ ಕಳಿಸಿದ್ದುಂಟು.

ಕೋಲು ಆರಿಸುವುದರಲ್ಲಿ ಅದ್ರಾಮನನ್ನು ಮೀರಿಸುವವರು ಇರಲಿಲ್ಲ. ಅಮಾವಾಸ್ಯೆಯ ಹಿಂದುಮುಂದೆ ಕಡಿದ ಕಿರುಬಿದಿರೇ ಆಗಬೇಕು, ಬೆಳದಿಂಗಳಲ್ಲಿ ಕಡಿದದ್ದಕ್ಕೆ ಹುಳ ಬೀಳುತ್ತದೆ ಎನ್ನುತ್ತಿದ್ದ. ಅದನ್ನು ನೆಬೀಸಳ ಒಲೆಯ ಮೇಲೆ ಆರು ತಿಂಗಳು ಹೊಗೆಗೆ ತೂಗುಹಾಕಬೇಕು. ಕೊನೆಗೆ ಬುಡವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ತುದಿಯನ್ನು ಬೆರಳಿನಿಂದ ಮುಟ್ಟು ಎಂದು ನನಗೆ ಸನ್ನೆ ಮಾಡುತ್ತಿದ್ದ. ನಾನು ಮುಟ್ಟಿದ್ದು ಅವನ ಹಲ್ಲಿಗೆ ಗೊತ್ತಾಗಬೇಕು, ಗೊತ್ತಾಗದಿದ್ದರೆ ಆ ಕೋಲು ಸೌದೆಗೆ. ದೋಣಿಗಾದರೆ ಗಿಡ್ಡ ಕೋಲು, ದಡಕ್ಕಾದರೆ ಉದ್ದದ್ದು ಎಂಬುದನ್ನು ನನಗೆ ಕಲಿಸಿದವನೂ ಅವನೇ. ದೋಣಿಯಲ್ಲಿ ಉದ್ದದ ಕೋಲು ಬೀಸಿದರೆ ಗಾಳ ಹಿಂದಿನವನ ಕಿವಿಗೆ ಬೀಳುತ್ತದೆ, ಸಿಕ್ಕಿದ ಮೀನೂ ಕೈಗೆಟುಕದೆ ಮಾರು ದೂರದಲ್ಲೇ ಒದ್ದಾಡುತ್ತದೆ.

ಐವತ್ತೇಳರ ದೀಪಾವಳಿ ಕಳೆದ ಮೇಲೆ ತೀರ್ಥರಾಮ ಬಂದ. ಐವರ್ನಾಡಿನವನು, ಮರದ ಲಾರಿಯ ಡ್ರೈವರ್. ನಮ್ಮೂರಿನ ಹೆಣ್ಣನ್ನು ಮದುವೆಯಾಗಿ ಕಡವಿನ ಹತ್ತಿರವೇ ಮನೆ ಮಾಡಿದ. ಗುಂಡ್ಯ ಬಿಟ್ಟು ಆಚೆ ಹೋಗಿರದ ಅದ್ರಾಮನಿಗೆ ಇವನು ಶಿರಾಡಿ ಘಾಟಿಯ ತಿರುವುಗಳ ಕತೆ ಹೇಳಿದ. ಬ್ರೇಕು ಹಿಡಿಯದ ಲಾರಿಯನ್ನು ರಸ್ತೆ ಬದಿಯ ಮಣ್ಣಿನ ದರೆಗೆ ಒರಗಿಸಿ ನಿಲ್ಲಿಸಿದ್ದನ್ನು ಎದ್ದು ನಿಂತು ಅಭಿನಯಿಸಿ ತೋರಿಸಿದ. ಅದ್ರಾಮ ಹೊಟ್ಟೆ ಹಿಡಿದುಕೊಂಡು ನಕ್ಕ. ಒಂಬತ್ತು ವರ್ಷದಲ್ಲಿ ನನ್ನ ಯಾವ ಮಾತಿಗೂ ಅವನು ಹಾಗೆ ನಕ್ಕಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಮುಂದಿನ ಶುಕ್ರವಾರ ಕಡವಿಗೆ ಹೋದರೆ ಮುಂದಿನ ಹಲಗೆಯಲ್ಲಿ ತೀರ್ಥರಾಮ ಕೂತಿದ್ದ.

"ಇವತ್ತೊಂದು ದಿನ ಡ್ರೈವರು ಬರ್ಲಿ ಗೌಡ್ರೆ. ಪಾಪ, ಅವರಿಗೆ ವಾರಕ್ಕೊಂದು ರಜೆ ಇರುದು," ಎಂದ ಅದ್ರಾಮ.

"ಬರ್ಲಿ ಮಾರಾಯ, ನನಗೆಂತ?" ಎಂದೆ.

ಒಂದು ದಿನ ಎಂದದ್ದು ನಾಲ್ಕು ಶುಕ್ರವಾರ ಆಯಿತು. ನೆಬೀಸಳ ಒಲೆಯ ಮೇಲೆ ಹದವಾಗಿ ಒಣಗಿ ನನಗೆಂದೇ ಇದ್ದ ಬಿದಿರು ಕೂಡ ತೀರ್ಥರಾಮನ ಕೈ ಸೇರಿತು. ನನಗೆಂದು ಅದ್ರಾಮ ಬಾಯಿಬಿಟ್ಟು ಹೇಳಿರಲಿಲ್ಲ, ನಿಜ. ಆದರೆ ಆರು ತಿಂಗಳು ನಾನು ಅದನ್ನೇ ನೋಡುತ್ತಿದ್ದುದು ಅವನಿಗೆ ಕಾಣದೆ ಹೋಯಿತೆ? ಮನೆಯಲ್ಲಿ ನಾನು ಉಣ್ಣದೆ ಎದ್ದಾಗ ಕಮಲಾವತಿ, "ಸವತಿ ಬಂದವರ ಹಾಗೆ ಮಾಡ್ತೀರಲ್ಲ, ನಿಮಗೆ ಎಂತ ಆದ್ದು?" ಎಂದು ಕೇಳಿದಳು. ಸರಿಯಾಗಿಯೇ ಕೇಳಿದಳು. ಅದಕ್ಕೇ ಅವಳ ಮೇಲೂ ರೇಗಿದೆ.

ಜನವರಿಯಲ್ಲಿ ಒಂದು ಸಂಜೆ ತೀರ್ಥರಾಮ ನನ್ನ ಮನೆಗೇ ಬಂದ. ಘಟ್ಟದ ಮೇಲೆ ಕಾಫಿ ತೋಟದ ಸಾಹೇಬರೊಬ್ಬರು ವಿಲಾಯತಿಗೆ ಹೊರಟಿದ್ದರಂತೆ. ಅವರ ಸಾಮಾನುಗಳನ್ನು ಮಂಗಳೂರಿಗೆ ಸಾಗಿಸಿದ್ದು ಇವನ ಲಾರಿಯಂತೆ. ಒಂದು ಪೆಟ್ಟಿಗೆಗೂ ಪೆಟ್ಟು ಬೀಳದ ಹಾಗೆ ಇಳಿಸಿದ್ದಕ್ಕೆ ಸಾಹೇಬರು ಖುಷಿಯಾಗಿ, ತಾವು ಹಡಗು ಹತ್ತುವ ಮೊದಲು ಬಂದು ತಮ್ಮ ಎರಡು ಗಾಳದ ಕೋಲುಗಳಲ್ಲಿ ಒಂದನ್ನು ತೆಗೆದುಕೋ ಎಂದಿದ್ದರು. ಬುಡದಲ್ಲಿ ರೀಲು ಇರುವ ಕೋಲು. ತಗಡಿನ ಚಮಚ ಕಟ್ಟಿ ಬೀಸಿ ಎಸೆದು, ರೀಲು ತಿರುಗಿಸಿ ನೂಲು ಎಳೆದರೆ ಆ ಚಮಚ ನೀರಿನೊಳಗೆ ಮೀನಿನ ಮರಿಯ ಹಾಗೆ ಹೊಳೆಯುತ್ತಾ ಬರುತ್ತದೆ.

ಅವನು ಎರಡೂ ಕೋಲುಗಳ ಅಳತೆಯನ್ನು ಎರಡು ಹುರಿಗಳಲ್ಲಿ ಹಿಡಿದು ತಂದಿದ್ದ. ಜಗಲಿಯ ಮೇಲೆ ಹಾಸಿದ. ಒಂದು ನನ್ನ ಎತ್ತರಕ್ಕಿಂತ ಗೇಣು ಹೆಚ್ಚು. ಇನ್ನೊಂದು ಜಗಲಿ ದಾಟಿ ಅಂಗಳಕ್ಕಿಳಿಯಿತು.

"ಗಿಡ್ಡದ್ದು ಒಂದು ಕೈಲಿ ಹಿಡಿಯುದು, ಬಳುಕ್ತದೆ. ಉದ್ದದ್ದಕ್ಕೆ ಎರಡು ಕೈ ಬೇಕು, ರೀಲು ಸಹ ದೊಡ್ಡದು. ನನಗೆ ಇದೆಲ್ಲ ಗೊತ್ತಿಲ್ಲ ಬೋಜಪ್ಪಣ್ಣ. ಅದ್ರಾಮನಿಗೆ ಕೇಳಿದ್ರೆ ಅವ ನಿಮ್ಮನ್ನೇ ಕೇಳ್ಲಿಕ್ಕೆ ಹೇಳಿದ. ಕೋಲಿನ ವಿಷಯ ಗೌಡ್ರಿಗೆ ನನ್ನಷ್ಟೇ ಗೊತ್ತುಂಟು, ಅವರು ಹೇಳಿದ್ರೆ ಮುಗೀತು ಅಂದ."

ನನ್ನನ್ನು ಅಷ್ಟು ನಂಬಿದ್ದ ಅದ್ರಾಮ. ಆ ನಂಬಿಕೆಯಿಂದ ಹೊಟ್ಟೆಯ ಉರಿ ತಣಿಯಬೇಕಿತ್ತು, ಇನ್ನೂ ಹೆಚ್ಚಾಯಿತು. ಅಷ್ಟು ನಂಬುವವನು ನನ್ನನ್ನು ದಡದಲ್ಲಿ ಬಿಟ್ಟದ್ದೇಕೆ? ಇವನು ಗಿಡ್ಡ ಕೋಲು ತಂದರೆ ಅದು ಚಿಕ್ಕ ದೋಣಿಗೆ ಹೇಳಿ ಮಾಡಿಸಿದ್ದು. ಆಮೇಲೆ ಮುಂದಿನ ಹಲಗೆ ನನ್ನ ಪಾಲಿಗೆ ಹೋದ ಹಾಗೆಯೇ.

"ಉದ್ದದ್ದೇ ತನ್ನಿ. ಗಿಡ್ಡದ್ದು ಮಕ್ಕಳ ಆಟಕ್ಕೆ ಆದೀತು. ನಮ್ಮದು ಕುಮಾರಧಾರೆ, ಸಣ್ಣ ತೋಡು ಅಲ್ಲ," ಎಂದೆ.

"ದೋಣಿಗೆ ಆಗ್ತದಾ?"

"ದೋಣಿಗೆ ಅಂತಲೇ ಹೇಳಿದ್ದು."

ಅವನು ಹುರಿಗಳನ್ನು ಸುತ್ತಿಕೊಂಡು, ಕಾಫಿ ಕುಡಿದು, ಉಪಕಾರವಾಯಿತು ಎಂದು ಹೇಳಿ ಹೋದ. ಅಂದು ನನಗೆ ಸುಖವಾಗಿ ನಿದ್ದೆ ಬಂತು.

ಎರಡು ವಾರದ ಮೇಲೆ ಕೋಲು ಬಂತು. ಶುಕ್ರವಾರ ನಾನು ಮೊದಲೇ ಹೋಗಿ ನೀರಿನ ಅಂಚಿನ ಪೊದೆಯ ಹಿಂದೆ ಕೂತೆ. ಉದ್ದದ ಕೋಲು ಕಂಡರೂ ನನ್ನ ಮಾತು ನಂಬಿ ಅದ್ರಾಮ ಚಿಕ್ಕ ದೋಣಿಯನ್ನು ಮಡುವಿನ ನಡುವಿಗೆ ತಂದ. ತೀರ್ಥರಾಮ ಎರಡೂ ಕೈಯಲ್ಲಿ ಕೋಲನ್ನು ಹಿಂದಕ್ಕೆ ಬೀಸಿದ. ಚಮಚದ ಗಾಳ ಅದ್ರಾಮನ ತಲೆಯ ಮುಂಡಾಸಿಗೆ ಸಿಕ್ಕಿತು. ಡ್ರೈವರ್ ಮುಂದಕ್ಕೆ ಎಳೆದ, ಮುಂಡಾಸು ಹಾರಿತು, ಅದನ್ನು ಹಿಡಿಯಲು ಅದ್ರಾಮ ಎದ್ದ, ದೋಣಿ ಮಗುಚಿತು. ನಾನು ಬಾಯಿಗೆ ಹೆಗಲ ಬೈರಾಸು ತುರುಕಿಕೊಂಡು ನಕ್ಕೆ. ಜನ್ಮದಲ್ಲಿ ಅಷ್ಟು ನಕ್ಕಿರಲಿಲ್ಲ.

ಇಬ್ಬರೂ ದೋಣಿಯನ್ನೂ ಕೋಲನ್ನೂ ಎಳೆದುಕೊಂಡು ಈಜಿ ದಡದ ದೊಡ್ಡ ಬಂಡೆ ಹತ್ತಿದರು. ಈಗ ಬೈಗುಳ ಬೀಳುತ್ತದೆ ಎಂದು ಕಿವಿ ನಿಮಿರಿಸಿದೆ. ಅದ್ರಾಮ ಮುಂಡು ಹಿಂಡಿಕೊಂಡು ಕೋಲನ್ನು ಕೈಗೆತ್ತಿಕೊಂಡ. ಬುಡವನ್ನು ಕಚ್ಚಿ ಹಿಡಿದ. ತೀರ್ಥರಾಮ ತುದಿ ಮುಟ್ಟಿದ. ಅದ್ರಾಮನ ಮುಖ ಅರಳಿದ್ದು ಪೊದೆಯ ಹಿಂದಿನಿಂದಲೂ ಕಂಡಿತು.

"ಇದು ದೋಣಿಗೆ ಅಲ್ಲ ಡ್ರೈವರೆ, ದಡದ್ದು," ಎಂದು ಅವನು ಕಾಲು ಅಗಲಿಸಿ ನಿಂತ. ಮೊದಲನೆಯ ಸಲ ಚಮಚ ಕಾಲಬುಡದಲ್ಲೇ ಬಿತ್ತು. ನೂಲು ಗೋಜಲಾಯಿತು, ಬಿಡಿಸಿದರು. ಐದನೆಯದೋ ಆರನೆಯದೋ ಸಲ ಅದು ಹೊಳೆಯನ್ನು ಪೂರ್ತಿ ದಾಟಿ ಆಚೆ ದಡದ ಕಲ್ಲುಗಳ ನೆರಳಿಗೆ ಹೋಗಿ ಬಿತ್ತು. ದೊಡ್ಡ ಪೆರುವೋಲು ಮೀನುಗಳು ಇರುವುದು ಅಲ್ಲಿಯೇ ಎಂದು ನಮಗೆ ಮೊದಲಿನಿಂದಲೂ ಗೊತ್ತಿತ್ತು. ದೋಣಿಯ ನೆರಳು ಕಂಡರೆ ಸಾಕು, ಅವು ಕೆಳಗಿಳಿದುಬಿಡುತ್ತಿದ್ದವು. ಒಂಬತ್ತು ವರ್ಷದಲ್ಲಿ ನಾವು ಅಲ್ಲಿಂದ ಒಂದನ್ನೂ ತೆಗೆದಿರಲಿಲ್ಲ.

ಅಂದು ತೆಗೆದರು. ಮೀನು ಎಳೆದಷ್ಟು ನೂಲು ಬಿಟ್ಟು, ಮತ್ತೆ ಸುತ್ತಿ, ಬಂಡೆಯಿಂದ ಬಂಡೆಗೆ ಓಡಿ, ಇಬ್ಬರೂ ಸೇರಿ ಮೇಲಕ್ಕೆ ತಂದ ಮೀನು ಅದ್ರಾಮನ ಸೊಂಟದವರೆಗೆ ಬರುತ್ತಿತ್ತು. ನನಗೆ ನಗು ಎಲ್ಲಿಗೆ ಹೋಯಿತೋ.

ಮರುದಿನ ಬೆಳಿಗ್ಗೆ ದೊಡ್ಡ ದೋಣಿಯಲ್ಲಿ ಹತ್ತು ಜನರ ಎದುರಿಗೆ ಅದ್ರಾಮ ನನ್ನ ಕೈ ಹಿಡಿದುಕೊಂಡ.

"ನೀವು ಆರಿಸಿದ ಕೋಲು ಗೌಡ್ರೆ! ದೋಣಿಗೆ ಅಂತ ಡ್ರೈವರು ತಪ್ಪು ತಿಳ್ಕೊಂಡದ್ದು. ನನಗೆ ಸಹ ಹೊಳೆದಿರ್ಲಿಲ್ಲ. ಮಡುವಿನ ಆಚೆ ಬದಿ ಮುಟ್ಲಿಕ್ಕೆ ದಡದಿಂದಲೇ ಎಸೀಬೇಕು ಅಂತ ನಿಮ್ಮ ತಲೆಗೆ ಹೋಯ್ತಲ್ಲ. ನೆಬೀಸ ನಿಮಗೆ ಅಂತ ಒಂದು ತುಂಡು ತೆಗ್ದಿಟ್ಟಿದ್ದಾಳೆ. ತೆಕ್ಕೊಂಡೇ ಹೋಗ್ಬೇಕು."

ಹಾಗಲ್ಲ, ನಾನು ಕೆಡಿಸಲಿಕ್ಕೆಂದೇ ಹೇಳಿದ್ದು ಎಂದು ಹೇಳಲು ಬಾಯಿ ತೆರೆದೆ. ಹತ್ತು ಜನ ನೋಡುತ್ತಿದ್ದರು. ಅದ್ರಾಮನ ಕಣ್ಣಿನಲ್ಲಿ ಎಳ್ಳಷ್ಟೂ ಸಂಶಯ ಇರಲಿಲ್ಲ. ಇದ್ದಿದ್ದರೆ ಹೇಳುತ್ತಿದ್ದೆನೋ ಏನೋ. ಮೀನು ತೆಗೆದುಕೊಂಡು ಮನೆಗೆ ಹೋದೆ. ಕಮಲಾವತಿ ಚೆನ್ನಾಗಿಯೇ ಸಾರು ಮಾಡಿದ್ದಳು. ನಾನು ಬಟ್ಟಲನ್ನು ಅವಳ ಕಡೆಗೆ ಸರಿಸಿ ಎದ್ದೆ.

ಅಂದಿನಿಂದ ಶುಕ್ರವಾರ ಬಂತೆಂದರೆ ಅವರಿಬ್ಬರೂ ಬಂಡೆಯ ಮೇಲೆ. ಮೂರನೆಯ ವಾರ ನಾನು ಕಡವಿಗೆ ಇಳಿದಾಗ ಅದ್ರಾಮನೇ ಹುಟ್ಟು ತಂದು ನನ್ನ ಕೈಗಿತ್ತ.

"ಚಿಕ್ಕ ದೋಣಿ ಇನ್ನು ನಿಮಗೇ ಗೌಡ್ರೆ. ನಮಗೆ ಬೇಡ. ಯಾವಾಗ ಬೇಕಾದ್ರೂ ಬಿಚ್ಚಿ, ಕೇಳುದೇ ಬೇಡ."

ನನಗೆ ಬೇಕಾದದ್ದೇ ಸಿಕ್ಕಿತ್ತು, ಬೇಡ ಎನ್ನುವುದು ಹೇಗೆ? ಹಗ್ಗ ಬಿಚ್ಚಿದೆ. ದೋಣಿಯಲ್ಲಿ ಒಬ್ಬನೇ ಹೋಗುವವನು ಹಿಂದೆ ಕೂತು ಹುಟ್ಟು ಹಾಕಬೇಕು. ಹುಟ್ಟು ಹಾಕುವ ಕೈಗೆ ಕೋಲು ಹಿಡಿಯಲು ಬಿಡುವಿರುವುದಿಲ್ಲ. ಮುಂದಿನ ಹಲಗೆಯಲ್ಲಿ ಗಾಳದ ಕೋಲನ್ನು ಮಲಗಿಸಿ ಮಡುವಿನ ನಡುವಿಗೆ ಹೋದೆ. ಬಂಡೆಯ ಮೇಲೆ ತೀರ್ಥರಾಮ ಏನೋ ಹೇಳುತ್ತಿದ್ದ. ಅದ್ರಾಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನನ್ನನ್ನು ಕಂಡು ಕೈಯೆತ್ತಿದ. ನಾನೂ ಎತ್ತಿದೆ.

"ಸ್ವಲ್ಪ ಆ ಕಡೆ ಹೋಗಿ ಗೌಡ್ರೆ," ಎಂದು ಅವನು ಪ್ರೀತಿಯಿಂದಲೇ ಕೂಗಿದ, "ದೋಣಿ ಕಂಡ್ರೆ ಮೀನು ಹೆದರ್ತದೆ."

ನಾನು ದೋಣಿ ತಿರುಗಿಸಿದೆ.