ಹಂದಿಯ ತಂತಿಗೆ ಕರೆಂಟ್ ಬಿಡದ ರಾತ್ರಿ

ಇದನ್ನು ನೀವು ನಂಬುವಂತೆ ಮಾಡಬಲ್ಲ ವಾದ ನನ್ನ ಬಳಿ ಇಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವನಿಗೆ ಹೀಗೆ ಬರೆಯುವುದೇ ಕಷ್ಟ. ಆದರೂ ಇದು ನಡೆದದ್ದು... ನಾನು ಅಲ್ಲಿದ್ದೆ.

ಭೂಸನೂರ ಸೀಮೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿ ಭೀಮರಾಯನ ಕಬ್ಬಿನ ಹೊಲವಿದೆ. ಕಾಡುಹಂದಿಗಳ ಕಾಟಕ್ಕೆ ಅವನು ಹೊಲದ ಸುತ್ತ ತಂತಿ ಎಳೆದು, ರಾತ್ರಿ ಕರೆಂಟ್ ಬಿಡುತ್ತಿದ್ದ. ಆ ತಂತಿ ಮನುಷ್ಯರನ್ನೂ ಕೊಲ್ಲುತ್ತದೆ ಎಂದು ಊರೂರು ಹೇಳುತ್ತ ತಿರುಗುವ ನಾನು, ಮೂರು ಸಂಜೆ ವಾದಿಸಿ ಅವನನ್ನು ಒಪ್ಪಿಸಿದೆ. ಕರೆಂಟಿನ ಬದಲು ಉಟ್ಟ ಹಳೆಯ ಸೀರೆಗಳನ್ನು ಕಟ್ಟುವುದು. ಹಂದಿಗೆ ಕಣ್ಣು ಮಂದ, ಮೂಗು ಬಲು ಚುರುಕು. ಮನುಷ್ಯರ ವಾಸನೆಗೆ ಅದು ಹಿಂಜರಿಯುತ್ತದೆ.

ಸೀರೆಗಳು ಸಾಲಲಿಲ್ಲ. ಭೀಮರಾಯ ತೀರಿಹೋದ ತಾಯಿಯ ಬಟ್ಟೆಗಂಟು ಬಿಚ್ಚಿದಾಗ ಅವನ ಹೆಂಡತಿ ನಾಗಮ್ಮ ತಡೆದಳು.

"ಸತ್ತವ್ರ ಸೀರಿ ಹೊಲದಾಗ ಕಟ್ಟಬಾರ್ದ್ರಿ ಸರ. ನಮ್ಮತ್ತಿ ಇದ್ದಾಗೇ ಯಾರ ಮಾತೂ ಕೇಳ್ತಿದ್ದಿಲ್ಲ, ಈಗ ಕೇಳ್ತಾಳೇನು?"

"ಅರಿವಿ ಅಂದ್ರ ಅರಿವಿ ಅಷ್ಟ, ನಾಗಮ್ಮ," ಎಂದೆ. ಹಳ್ಳದ ಕಡೆಯ ಬದುವಿಗೆ ಆ ಹಸಿರು ಇಳಕಲ್ ಸೀರೆಯನ್ನು ನಾನೇ ಕಟ್ಟಿದೆ.

"ತಂತಿ ಬಿಚ್ಚಿಲ್ರಿ ಸರ, ಸ್ವಿಚ್ ಅಷ್ಟ ಬಂದ್ ಮಾಡೇನಿ," ಎಂದ ಭೀಮರಾಯ. "ಇವತ್ತ ಹಂದಿ ಒಳಗ ಹೊಕ್ಕರ ಹಾಕಾಂವನ."

ಹಾಗಾಗಿ ನಾನೂ ಕಾವಲು ಕುಳಿತೆ.

ನಡುರಾತ್ರಿ ಹಳ್ಳದ ಜಾಲಿಪೊದೆಯಿಂದ ಹಸಿ ಕೆಸರಿನ ನಾತ ಬಂತು. ಆಮೇಲೆ ಗುರುಗುಟ್ಟುವ ಸದ್ದು. ಹೆಣ್ಣುಹಂದಿಗಳ ಹಿಂಡು, ಬೆನ್ನಿಗೆ ಮರಿಗಳು. ಕಬ್ಬು ಮುರಿಯುವ ಲಟಲಟ ಶಬ್ದ...

"ಹೊಕ್ಕವು!" ಎಂದು ಭೀಮರಾಯ ಪಂಪ್‌ಸೆಟ್ ಕೋಣೆಯತ್ತ ಓಡಿದ. ಹಂದಿಗಳನ್ನು ಅಟ್ಟಿದರೆ ಅವನು ನಿಂತಾನೆಂದು ನಾನು ಟಾರ್ಚ್ ಹಿಡಿದು ಬದುವಿನತ್ತ ಓಡಿದೆ.

ಕಾಲು ಕೆಸರಿನಲ್ಲಿ ಹೂತಿತು. ಮೊಣಕಾಲಿನ ಕೆಳಗೆ ಏನೋ ಬಿಗಿಯಿತು. ಟಾರ್ಚ್ ಬೆಳಕು ಬಿಟ್ಟು ನೋಡಿದೆ.

ತಂತಿ.

ನಾನು ಕೂಗುವಷ್ಟರಲ್ಲಿ ಭೀಮರಾಯ ಸ್ವಿಚ್ ಹಾಕಿರುತ್ತಾನೆ...

ಆಗ ಗುರುಗುಟ್ಟುವಿಕೆ ಒಮ್ಮೆಲೇ ನಿಂತಿತು. ಮರಿಗಳೂ ಉಸಿರೆತ್ತಲಿಲ್ಲ. ಗಾಳಿಯಿಲ್ಲದ ಆ ಕತ್ತಲಲ್ಲಿ ಸುಟ್ಟ ತಂಬಾಕಿನ ಘಾಟು ಮೂಗಿಗೆ ಬಡಿಯಿತು. ಹಿಂಡು ಸದ್ದಿಲ್ಲದೆ ತಿರುಗಿ ಹಳ್ಳಕ್ಕಿಳಿಯಿತು.

ಕಾಲು ಬಿಡಿಸಿಕೊಂಡು ಕೋಣೆಗೆ ಹೋದೆ. ಅಲ್ಲಿ ಅದೇ ಘಾಟು, ಇನ್ನೂ ದಟ್ಟವಾಗಿ. ಭೀಮರಾಯ ಸ್ವಿಚ್ಚಿಗೆ ಗೇಣು ದೂರದಲ್ಲಿ ಕೈ ಚಾಚಿ ನಿಂತಿದ್ದ. ಕೈ ಮುಂದೆ ಹೋಗುತ್ತಿರಲಿಲ್ಲ.

"ಸರ... ಮಿಶ್ರಿ ವಾಸನಿ ಬರಾಕತ್ತದ, ಅಲ್ರಿ?" ಪಿಸುಗುಟ್ಟಿದ. "ಅವ್ವ ದಿನಾ ತಂಬಾಕ ಸುಟ್ಟು ಹಲ್ಲಿಗಿ ಹಚ್ಚತಿದ್ದಳು... ಮುಂಗೈ ಹಿಡದಾಳ್ರಿ. ಬಿಡವಲ್ಲಳು."

ಬೆಳಕು ಹರಿದಾಗ ಭೀಮರಾಯ ತಾನಾಗಿ ತಂತಿಯನ್ನೆಲ್ಲ ಸುತ್ತಿ ತೆಗೆದ.

ಹಂದಿಗಳ ಮೈನಾತವೇ ನಮಗೆ ಹಾಗೆ ಅನಿಸಿರಬೇಕು ಎಂದು ನಾನು ವಿವರಿಸತೊಡಗಿದೆ.

"ಹಂದಿ ಮಿಶ್ರಿ ಹಚ್ಚತಾವೇನ್ರಿ ಸರ?" ಎಂದಳು ನಾಗಮ್ಮ, ಚಹಾದ ಕಪ್ಪು ಕೈಗಿಡುತ್ತ. ಅವಳು ನಗಲಿಲ್ಲ.

ಈಗಲೂ ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ತಂತಿಯ ವಿರುದ್ಧ ಮಾತಾಡುತ್ತೇನೆ. ಭೀಮರಾಯನ ಹೊಲದ ಉದಾಹರಣೆ ಕೊಡುತ್ತೇನೆ, ಜನ ತಲೆದೂಗುತ್ತಾರೆ. ಅವನ ಕೈಯನ್ನು ತಡೆದದ್ದು ನನ್ನ ಮಾತೇ ಎಂದು ಅವರು ತಿಳಿಯುತ್ತಾರೆ... ನಾನು ತಿದ್ದುವುದಿಲ್ಲ.